ಹೆಸರು ಹಿಡಿದು ಕೇಳಿದವರು

ಫೆಬ್ರವರಿ ಹನ್ನೊಂದು, ಮಂಗಳವಾರ. ಬೆಳಿಗ್ಗೆ ಹತ್ತರ ಹೊತ್ತಿಗೆ ಹತ್ತಿ ವ್ಯಾಪಾರಿ ಗುರುಪಾದಯ್ಯ ಆದವಾನಿ ಪಟ್ಟಣ ಠಾಣೆಗೆ ಬಂದರು. ಅವರ ಹಣೆಯಲ್ಲಿ ವಿಭೂತಿ ಇರಲಿಲ್ಲ; ಆ ಹಣೆಯನ್ನು ಹಾಗೆ ಊರು ಎಂದೂ ನೋಡಿರಲಿಲ್ಲ. ಇನ್‌ಸ್ಪೆಕ್ಟರ್ ನಾಗಜ್ಯೋತಿ ಎದ್ದು ನಿಂತು ಕುರ್ಚಿ ತೋರಿಸಿದಳು. ಮೂರು ದಿನದ ಹಿಂದೆ ಇವರ ಗೋದಾಮಿನ ಹಿಂದಿನ ಬಾವಿಯಿಂದ ಮಗಳು ಹೇಮಾವತಿಯ ಹೆಣ ಎತ್ತಿಸಿ, ಪಂಚನಾಮೆ ಬರೆಸಿ, ಅಸಹಜ ಸಾವು ಎಂದು ಕೇಸು ದಾಖಲಿಸಿದವಳು ಅವಳೇ.

"ಹೇಮಾ ತಾನಾಗಿ ಸತ್ತಿಲ್ಲ ಮೇಡಂ. ಆಕಿನ ಸಾಯಿಸ್ಯಾರ. ಹಂಗಂತ ಬರಕೋರಿ," ಎಂದರು ಗುರುಪಾದಯ್ಯ.

"ಯಾರು?"

"ಅದು ಗೊತ್ತಿದ್ದಿದ್ರ ನಿಮ್ಮ ಹತ್ರ ಯಾಕ ಬರ್ತಿದ್ದೆ?"

ಅವರು ನಿಧಾನವಾಗಿ ಹೇಳಿದರು. ಹೇಮಾವತಿಗೆ ಇಪ್ಪತ್ತೈದು ವರ್ಷ. ಎಮ್ಮಿಗನೂರಿನ ಒಂದು ಕೈಮಗ್ಗದ ಬಟ್ಟೆ ಅಂಗಡಿಯಲ್ಲಿ ಸೀರೆಗಳಿಗೆ ಬಣ್ಣ ಕೂಡಿಸಿ ಕೊಡುವ ಕೆಲಸ ಅವಳದು. ಗೋನೆಗಂಡ್ಲದಲ್ಲಿ ಗೊಬ್ಬರದಂಗಡಿ ಇಟ್ಟಿರುವ ರುದ್ರೇಶನ ಜೊತೆ ಲಗ್ನ ಗೊತ್ತಾಗಿತ್ತು. ಲಗ್ನಪತ್ರಿಕೆ ಹಂಚಿ ಆಗಿತ್ತು. ಜನವರಿಯಲ್ಲಿ ಅವಳಿಗೆ ಅಪೆಂಡಿಕ್ಸ್ ಆಪರೇಷನ್ ಆದಾಗ, ಅದಕ್ಕೆ ಮೊದಲು ತುಂಗಾತೀರ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡಿಸಿದ್ದರು. ರಿಪೋರ್ಟಿನಲ್ಲಿ ಯಾವ ದೋಷವೂ ಇರಲಿಲ್ಲ. ಹೋದ ವಾರ ಗಂಡಿನ ಕಡೆಯವರು ಇದ್ದಕ್ಕಿದ್ದಂತೆ ಸಂಬಂಧ ಮುರಿದರು. ಹುಡುಗಿಗೆ ಎಚ್‌ಐವಿ ಇದೆಯಂತೆ ಎಂದು ಗೋನೆಗಂಡ್ಲದಲ್ಲಿ ಹುಟ್ಟಿದ ಮಾತು ಎರಡು ದಿನದಲ್ಲಿ ಆದವಾನಿಯ ಹತ್ತಿ ಮಾರ್ಕೆಟ್ಟಿಗೂ ಬಂತು.

"ಆ ರಿಪೋರ್ಟ್ ಹಿಡಕೊಂಡು ಮನಿಮನಿಗೆ ಹೋದ್ಳು ಮೇಡಂ. ನೋಡ್ರಿ ನೋಡ್ರಿ ಅಂತ ತೋರಿಸಿದ್ಳು. ನಮ್ಮ ಅಣ್ಣನ ಮನ್ಯಾಗ ಆಕಿ ಕುಡಿದ ಲೋಟ ಬ್ಯಾರೆ ಇಟ್ರು. ಅದನ್ನ ಆಕಿ ನೋಡಿಬಿಟ್ಳು."

ಬರಹದ ಕಾನ್‌ಸ್ಟೇಬಲ್ ದೂರನ್ನು ತೆಲುಗಿನಲ್ಲಿ ಬರೆದುಕೊಂಡು ಕನ್ನಡದಲ್ಲಿ ಓದಿ ಹೇಳಿದ. 'ಮೃತಳು' ಎಂಬ ಮಾತು ಬಂದಾಗಲೆಲ್ಲ ಗುರುಪಾದಯ್ಯ ಕೈ ಎತ್ತಿ ತಡೆದರು. "ಹೇಮಾವತಿ ಅಂತ ಬರಿಯಪ್ಪ." ಅವನು ನಾಗಜ್ಯೋತಿಯ ಮುಖ ನೋಡಿದ. ಅವಳು ತಲೆಯಾಡಿಸಿದಳು. ಎಫ್‌ಐಆರ್ ಬದಲಾಯಿತು: ಆತ್ಮಹತ್ಯೆಗೆ ಪ್ರಚೋದನೆ, ಬಿಎನ್‌ಎಸ್ ೧೦೮. ಆರೋಪಿಯ ಜಾಗದಲ್ಲಿ, 'ಗೊತ್ತಿಲ್ಲ.'

ಅಂದೇ ಮಧ್ಯಾಹ್ನ ನಾಗಜ್ಯೋತಿ ಹೆಡ್ ಕಾನ್‌ಸ್ಟೇಬಲ್ ಲಾಲಪ್ಪನನ್ನು ಕರೆದುಕೊಂಡು ಗೋನೆಗಂಡ್ಲಕ್ಕೆ ಹೋದಳು. ರುದ್ರೇಶ ಅಂಗಡಿಯ ಒಳಗೆ ಯೂರಿಯಾ ಚೀಲಗಳ ನಡುವೆ ಕೂತಿದ್ದ. ಎರಡು ರಾತ್ರಿ ನಿದ್ದೆ ಮಾಡಿರದ ಮುಖ.

"ಆಕಿಗೆ ರೋಗ ಐತಿ ಅಂತ ಯಾರು ಹೇಳಿದ್ರು?"

"ಫೋನ್ ಬಂತು ಮೇಡಂ. ಗೊತ್ತಿಲ್ಲದ ನಂಬರು."

"ಏನಂದ್ರು?"

"ಜನವರಿ ಆರಕ್ಕ ರಕ್ತ ಕೊಟ್ಟಾಳ, ಮಷೀನ್ನಾಗ ಒಂದು ಪಾಯಿಂಟ್ ನಾಲ್ಕು ಬಂದೈತಿ, ಒಂದು ದಾಟಿದ್ರ ಎಚ್‌ಐವಿ ಇದ್ದಂಗ ಅಂದ್ರು."

"ದನಿ ಎಂಥದ್ದು?"

"ವಯಸ್ಸಾದವರದು. ಭಾಳ ಮರ್ಯಾದಿಯಿಂದ ಮಾತಾಡಿದ್ರು. ತಪ್ಪು ತಿಳೀಬ್ಯಾಡಪಾ, ನಿನ್ನ ಒಳ್ಳೇದಕ್ಕ ಹೇಳಿದೆ ಅಂದು ಇಟ್ಟುಬಿಟ್ರು."

"ಹೇಮಾವತಿನ ಕೇಳಿದ್ಯಾ?"

ಅವನು ನೆಲ ನೋಡಿದ. "ಆಕಿನ ಫೋನ್ ಮಾಡಿದ್ಳು. ನಾ ಎತ್ತಲಿಲ್ಲ. ರಿಪೋರ್ಟಿನ ಫೋಟೋ ಕಳಿಸಿದ್ಳು."

"ನೋಡಿದ್ಯಾ?"

"ನೋಡಿದೆ."

"ಏನಂತ ಉತ್ತರ ಕೊಟ್ಟೆ?"

"ಕೊಡಲಿಲ್ಲ. ಕೈಗೆ ಕೊಡೋ ಕಾಗದ ಹೆಂಗ ಬೇಕಾದ್ರೂ ಮಾಡಿಸ್ತಾರ, ಮಷೀನ್ ಸುಳ್ಳು ಹೇಳಂಗಿಲ್ಲ ಅಂದ ನಮ್ಮಪ್ಪ."

ಜೀಪಿಗೆ ಹತ್ತುವಾಗ ಲಾಲಪ್ಪ ಹಲ್ಲು ಕಚ್ಚಿ ಕೇಳಿದ: "ಇವನ ಮ್ಯಾಲೆ ಏನೂ ಹಾಕಾಕ ಬರಂಗಿಲ್ಲೇನ್ರಿ?"

"ಫೋನ್ ಎತ್ತದೇ ಇದ್ದಿದ್ದಕ್ಕ ಸೆಕ್ಷನ್ ಇಲ್ಲ ಲಾಲಪ್ಪ."

ಕರೆ ಬಂದ ನಂಬರು ಆದವಾನಿ ರೈಲು ನಿಲ್ದಾಣದ ಹೊರಗೆ ಚಹಾ ಮಾರುವವನದಾಗಿತ್ತು. ಅವನು ಹೆದರಲಿಲ್ಲ. "ಯಾರೋ ಪೆದ್ದಾಯನ ಮೇಡಂ, ವಯಸ್ಸಾದಾತ. ಮಾಸ್ಕ್ ಹಾಕಿದ್ರು. ಚಾರ್ಜ್ ಇಲ್ಲ, ಮನಿಗೆ ಒಂದು ಮಾತು ಹೇಳ್ಬೇಕು ಅಂದ್ರು, ಕೊಟ್ಟೆ. ರೈಲಿಗೆ ಬರೋರು ದಿನಾ ಕೇಳ್ತಾರ." ಮುಖ ಗುರುತು ಹಿಡಿಯುವೆಯಾ ಎಂದರೆ ಇಲ್ಲವೆಂದ.

ಹಾಗಾಗಿ ಉಳಿದದ್ದು ಆ ಸಂಖ್ಯೆ ಒಂದೇ, ಒಂದು ಪಾಯಿಂಟ್ ನಾಲ್ಕು. ಗುರುಪಾದಯ್ಯ ಕೊಟ್ಟಿದ್ದ ರಿಪೋರ್ಟಿನಲ್ಲಿ ಅದು ಎಲ್ಲೂ ಇರಲಿಲ್ಲ. ನಾಗಜ್ಯೋತಿ ಲ್ಯಾಬಿಗೆ ಹೋಗದೆ, ಸಂಜೆ ಲ್ಯಾಬಿನ ಒಡೆಯ ಡಾಕ್ಟರ್ ವಿಠಲ್ ಅವರ ಮನೆಗೆ ಮಫ್ತಿಯಲ್ಲಿ ಹೋದಳು.

"ಆ ನಂಬರ್ ಯಾವ ರಿಪೋರ್ಟಿನಾಗೂ ಬರಂಗಿಲ್ಲ," ಎಂದರು ಡಾಕ್ಟರು. "ಮಷೀನು ಮೊದಲನೇ ಸಲ ಒಮ್ಮೊಮ್ಮೆ ಹಂಗ ತೋರಸ್ತದ. ಅದು ರೋಗ ಅಲ್ಲ, ಬರೀ ಅನುಮಾನ. ಮತ್ತ ಬ್ಯಾರೆ ಬ್ಯಾರೆ ಕಿಟ್ಟಿನಾಗ ಮೂರು ಸಲ ಮಾಡ್ತೀವಿ. ಮೂರೂ ನೆಗೆಟಿವ್ ಬಂತು. ಆ ಹುಡುಗಿಗೆ ಏನೂ ಇರಲಿಲ್ಲ." ಮತ್ತೆ ಹೇಳಿದರು: "ಇದ್ದಿದ್ರೂ ಈಗ ಗುಳಿಗಿ ತಗೊಂಡು ಮುದುಕರಾಗೋತನಕ ಬದುಕ್ತಾರ, ಮೇಡಂ. ಸಾಯೋ ಮಾತ ಅಲ್ಲ ಇದು."

"ಮೊದಲನೇ ನಂಬರ್ ಎಲ್ಲಿ ಉಳೀತೈತಿ?"

"ಮಷೀನ್ನಿಂದ ನೇರ ಸರ್ವರಿಗೆ ಹೋಗಿ ಬಿದ್ದಿರ್ತದ. ಅದನ್ನ ಯಾರೂ ತೆರದು ನೋಡಂಗಿಲ್ಲ."

ಯಾರೋ ನೋಡಿದ್ದರು. ರಿಪೋರ್ಟ್ ಸಾಫ್ಟ್‌ವೇರ್‌ನಲ್ಲಿ ಯಾರ ಹೆಸರಿನ ಕಡತವನ್ನು ಯಾರು ತೆರೆದರೆಂದು ದಾಖಲಾಗುತ್ತದೆ. ರಿಪೋರ್ಟ್ ಪ್ರಿಂಟಾದ ಮೇಲೆ ಹೇಮಾವತಿಯದನ್ನು ಡಾಕ್ಟರ ಹೊರತು ಬೇರೆ ಯಾರೂ ತೆರೆದಿರಲಿಲ್ಲ. ಅಂದರೆ ನೋಡಿದವರು ಮುಂಬಾಗಿಲಿನಿಂದ ಹೋಗಿಲ್ಲ. ನಾಗಜ್ಯೋತಿ ಡಾಕ್ಟರಿಂದ ಮಾತು ತೆಗೆದುಕೊಂಡಳು: ಪೊಲೀಸರು ಬಂದದ್ದು ಲ್ಯಾಬಿನಲ್ಲಿ ಒಬ್ಬರಿಗೂ ತಿಳಿಯಕೂಡದು.

ಮರುದಿನ ಸರ್ವರ್ ನೋಡಿಕೊಳ್ಳುವ ತಿಪ್ಪೇಶನನ್ನು ಠಾಣೆಗೆ ಕರೆಸಿದಳು. ಎಮ್ಮಿಗನೂರಿನವನು, ನಾಲ್ಕೈದು ಆಸ್ಪತ್ರೆಗಳ ಕಂಪ್ಯೂಟರುಗಳ ಗುತ್ತಿಗೆ ಅವನದು. ಮೊದಲ ಅನುಮಾನ ಅವನ ಮೇಲೆಯೇ ಇತ್ತು. ಆದರೆ ಕರೆ ಬಂದ ದಿನ ಅವನು ಹೆಂಡತಿಯ ಹೆರಿಗೆಗೆಂದು ಕರ್ನೂಲಿನಲ್ಲಿದ್ದ. ಲಾಲಪ್ಪ ಆಸ್ಪತ್ರೆಯಲ್ಲಿ ವಿಚಾರಿಸಿ ಖಾತ್ರಿ ಮಾಡಿಕೊಂಡ.

"ಸರ್ವರ್‌ನ ಯಾರ್ಯಾರು ಏನೇನು ಕೇಳ್ತಾರ ಅನ್ನೋದು ಎಲ್ಲಾದ್ರೂ ದಾಖಲಾಗ್ತೈತೇನು?"

"ಆಗ್ತೈತಿ ಮೇಡಂ. ಹೋದ ವರ್ಷ ಭಾಳ ಸ್ಲೋ ಆಗಿತ್ತು. ಯಾಕಂತ ನೋಡಾಕ ನಾನ ಹಾಕೀನಿ." ಬಾಯಿ ಒರೆಸಿಕೊಂಡ. "ಆದ್ರ ಫಿಲ್ಟರ್ ಐತಿ."

"ಏನದು?"

"ಸರ್ವರ್ ಒಳಗ ಹಿನ್ನೆಲೆ ಕೆಲಸ ಅಂತ ನಡೀತಾನ ಇರ್ತಾವ. ಮಷೀನ್ ರೀಡಿಂಗ್ ಎತ್ತಿ ಇಡೋದು, ಬ್ಯಾಕಪ್ ತಗೊಳ್ಳೋದು, ಜೀವ ಐತೋ ಇಲ್ಲೋ ಅಂತ ನಿಮಿಷಕ್ಕೊಮ್ಮೆ ಕೇಳೋದು. ಸಾವಿರ ಸಾಲು ಬಂದ್ರ ಒಂಬೈನೂರು ಅವ ಇರ್ತಾವ. ಅದರಾಗ ಮನುಷ್ಯಾರ ಕೆಲಸ ಕಾಣಂಗಿಲ್ಲ. ಆ ಕೆಲಸಕ್ಕೆಲ್ಲ ಒಂದ ಖಾತೆ ಐತಿ. ಆ ಖಾತೆ ಹೆಸರಿಲೆ ಬಂದಿದ್ದನ್ನ ಬರಕೋಬ್ಯಾಡ ಅಂತ ಹಾಕಿದ್ದೆ."

ನಾಗಜ್ಯೋತಿ ಪೆನ್ನು ಕೆಳಗಿಟ್ಟಳು. "ಅಂದ್ರ ಯಾರರ ಆ ಖಾತೆಯಿಂದ ಒಳಗ ಹೋದ್ರ, ಅವರು ಹೋಗಿದ್ದ ಕಾಣಂಗಿಲ್ಲ."

"ಇಲ್ಲ ಮೇಡಂ," ಎಂದ ತಿಪ್ಪೇಶ. ಹೇಮಾವತಿಯ ದಿನಗಳದ್ದು ಇನ್ನು ಸಿಗುವುದಿಲ್ಲ. ಬರೆದುಕೊಂಡೇ ಇಲ್ಲದ್ದನ್ನು ತೆಗೆಯುವುದೆಲ್ಲಿಂದ?

"ಆ ಖಾತೆ ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತು?"

"ಕೌಂಟರಿನಾಗಿರೋ ನಾಲ್ಕೂ ಮಂದಿಗೆ. ರೀಡಿಂಗ್ ಬಂದಿಲ್ಲ ಅಂತ ನಂಗ ಫೋನ್ ಮಾಡ್ತಿದ್ರು. ದಿನಾ ಎಮ್ಮಿಗನೂರಿಂದ ಓಡಿ ಬರಾಕ ಆಗ್ತದಾ? ಹಿಂಗ ಒಳಗ ಹೋಗಿ ಹೆಸರು ಹಾಕಿ ನೋಡ್ರಿ ಅಂತ ನಾನ ಕಲಿಸಿಕೊಟ್ಟೆ."

"ಆ ಫಿಲ್ಟರ್ ತೆಗಿ."

ತೆಗೆದ. ಠಾಣೆಯಲ್ಲಿ ಕೂತೇ ತನ್ನ ಲ್ಯಾಪ್‌ಟಾಪಿನಲ್ಲಿ ಅವಳಿಗೆ ತೋರಿಸಿದ. ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಹತ್ತಿ ಹಾರಿದ ಹಾಗೆ ಪರದೆಯ ತುಂಬ ಸಾಲುಗಳು ಹಾರಿದವು. ಮಧ್ಯಾಹ್ನದೊಳಗೆ ಸರ್ವರಿನ ಡಿಸ್ಕ್ ತುಂಬಿ ಲ್ಯಾಬಿನಲ್ಲಿ ಬಿಲ್ಲಿಂಗೇ ನಿಂತಿತು. ಡಾಕ್ಟರು ಫೋನ್ ಮಾಡಿ ಗೋಳಾಡಿದರು.

ನಾಗಜ್ಯೋತಿ ಪರದೆಯನ್ನೇ ನೋಡುತ್ತ ಕೂತಿದ್ದಳು. "ತಿಪ್ಪೇಶ, ಆ ಮಷೀನ್ ಕೆಲಸ ರೀಡಿಂಗ್ ಎತ್ತಿಡುವಾಗ ಏನಂತ ಕೇಳ್ತೈತಿ?"

"ಹೊಸಾವು ಏನು ಬಂದಾವ ಕೊಡು ಅಂತ. ಸೀರಿಯಲ್ ನಂಬರಿಲೆ."

"ಹೆಸರು ಹಿಡದು ಕೇಳ್ತೈತೇನು? ಇಂಥಾ ಹುಡುಗಿದು ಕೊಡು ಅಂತ?"

"ಇಲ್ಲ. ಅದಕ್ಕ ಹೆಸರಿನ ಅವಶ್ಯಕತಿನ ಇಲ್ಲ."

"ಹಂಗಾದ್ರ ಉಳಿದಿದ್ದೆಲ್ಲ ಬಿಡು. ಆ ಖಾತೆಯಿಂದ ಹೆಸರು ಹಿಡದು ಕೇಳಿದ್ದನ್ನ ಮಾತ್ರ ಬರಕೊಳ್ಳಾಕ ಹೇಳು."

ತಿಪ್ಪೇಶ ಅವಳನ್ನೊಮ್ಮೆ ನೋಡಿ, ಬಗ್ಗಿ ಟೈಪ್ ಮಾಡಿದ. ಪರದೆ ಖಾಲಿಯಾಯಿತು. ಹಾಗೇ ಖಾಲಿ ಉಳಿಯಿತು, ಗುರುವಾರದವರೆಗೆ. ಗುರುವಾರ ಒಂದು ಸಾಲು ಬಂತು. ಶನಿವಾರ ಎರಡು. ಮೂರು ಹೆಸರು, ಮೂರೂ ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರದು. ಕೇಳಿದ್ದು ಎಚ್‌ಐವಿಯ ಮೊದಲನೇ ರೀಡಿಂಗ್ ಒಂದೇ. ಕೇಳಿದ ಜಾಗ, ಲ್ಯಾಬಿನ ಮುಂದಿನ ಕೌಂಟರಿನ ಕಂಪ್ಯೂಟರು.

ಲಾಲಪ್ಪ ಆ ಮೂರೂ ಮನೆಗಳ ಬೀದಿಗೆ ಹೋಗಿ ಬಂದ. ಒಂದರ ಮುಂದೆ ಚಪ್ಪರ ಹಾಕುತ್ತಿದ್ದರು. ಇನ್ನೊಂದರಲ್ಲಿ ಬಾಗಿಲಿಗೆ ಹೊಸ ಸುಣ್ಣ, ಅರಿಸಿನ. ಮೂರನೆಯದರಲ್ಲಿ ಬಳೆಗಾರ ಕೂತಿದ್ದ. "ಮೂರೂ ಮನ್ಯಾಗ ಪೆಳ್ಳಿ ಮೇಡಂ, ಲಗ್ನದ ಗದ್ದಲ," ಎಂದ.

ಸೋಮವಾರ ನಾಗಜ್ಯೋತಿ ಹತ್ತಿ ಸೀರೆಯುಟ್ಟು, ಸಕ್ಕರೆ ಪರೀಕ್ಷೆಗೆಂದು ಲ್ಯಾಬಿಗೆ ಹೋದಳು. ಕೌಂಟರಿನಲ್ಲಿ ಇಬ್ಬರು ಹುಡುಗಿಯರು, ರಕ್ತ ತೆಗೆಯುವವನೊಬ್ಬ, ಮತ್ತು ಮ್ಯಾನೇಜರ್ ಅನಂತ. ಅನಂತರಿಗೆ ಅರುವತ್ತರ ಹತ್ತಿರ. ಹಣೆಯಲ್ಲಿ ಅಂಗಾರದ ಗೆರೆ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಅಳುತ್ತಿದ್ದ ಮಗುವಿನ ಕೈಗೆ ಅವರು ಪೆಪ್ಪರಮೆಂಟು ಕೊಡುತ್ತಿದ್ದರು. ನಾಗಜ್ಯೋತಿಯನ್ನು ನೋಡಿ, "ಕೂಡ್ರಮ್ಮ, ಬಿಸಲಾಗ ಬಂದೀರಿ," ಎಂದು ಫ್ಯಾನಿನ ಕೆಳಗಿನ ಕುರ್ಚಿ ತೋರಿಸಿದರು. ಕೌಂಟರಿನ ಗಾಜಿನ ಕೆಳಗೆ ಏಳೆಂಟು ಲಗ್ನಪತ್ರಿಕೆಗಳಿದ್ದವು. ವರ್ಷಗಳಿಂದ ಬರುವ ಪೇಷಂಟುಗಳು ಪ್ರೀತಿಯಿಂದ ಕೊಟ್ಟವು. ಆ ಮೂರು ಹೆಸರುಗಳನ್ನೂ ಅವಳು ಅಲ್ಲೇ ಓದಿದಳು.

ಬಲೆ ಹಾಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹುಟ್ಟಿಯೇ ಇರದ ಹುಡುಗಿಯೊಬ್ಬಳ ಹೆಸರಿನಲ್ಲಿ ಪತ್ರಿಕೆ ಅಚ್ಚಾಯಿತು. ಗಂಡಿನ ಮನೆಯ ಫೋನ್ ನಂಬರು ಕಾನ್‌ಸ್ಟೇಬಲ್ ಆಂಜನೇಯನದು. ಅದೇ ಹೆಸರಿಗೆ ಡಾಕ್ಟರು ಸರ್ವರಿನಲ್ಲಿ ಒಂದೂವರೆ ಎಂಬ ರೀಡಿಂಗ್ ಇಟ್ಟರು. ಮಹಿಳಾ ಕಾನ್‌ಸ್ಟೇಬಲ್ ಅಂಬಮ್ಮ ಹುಡುಗಿಯ ಅತ್ತೆಯಾಗಿ ಲ್ಯಾಬಿಗೆ ಹೋಗಿ, ಪತ್ರಿಕೆಯ ಜೊತೆ ನಾಲ್ಕೂ ಜನರಿಗೆ ಲಾಡು ಕೊಟ್ಟು, "ತಪ್ಪದ ಬರ್ರಿ" ಎಂದು ಕೈಮುಗಿದು ಬಂದಳು.

ಫೆಬ್ರವರಿ ಹತ್ತೊಂಬತ್ತು, ಬುಧವಾರ. ಊಟದ ಹೊತ್ತಿನಲ್ಲಿ ತಿಪ್ಪೇಶನ ಪರದೆಯ ಮೇಲೆ ಒಂದು ಸಾಲು ಮೂಡಿತು, ಅದೇ ಹುಡುಗಿಯ ಹೆಸರು. ಲಾಲಪ್ಪ ಅಷ್ಟರಲ್ಲಾಗಲೇ ರೈಲು ನಿಲ್ದಾಣದ ಬೆಂಚಿನ ಮೇಲೆ ಟವೆಲ್ ಹೊದ್ದು ಕೂತಿದ್ದ. ಮೂರು ಗಂಟೆ ದಾಟಿದ ಮೇಲೆ ಠಾಣೆಯಲ್ಲಿ ಆಂಜನೇಯನ ಫೋನು ಬಡಿದುಕೊಂಡಿತು. ಅವನು ಸ್ಪೀಕರ್ ಹಾಕಿದ.

"ಗಂಡಿನ ಕಡೆಯವರೇನ್ರಿ?" ಮೆಲ್ಲಗಿನ, ಮರ್ಯಾದೆಯ ದನಿ. "ತಪ್ಪು ತಿಳೀಬ್ಯಾಡ್ರಿ. ಒಂದು ಮಾತು ಹೇಳಬೇಕಾಗೇದ."

ನಾಗಜ್ಯೋತಿ ಉಸಿರು ಹಿಡಿದು ಪೂರ್ತಿ ಕೇಳಿದಳು. ಮಾತು ಮುಗಿದು ಫೋನು ಕಟ್ಟಾಯಿತು. ಪ್ಲಾಟ್‌ಫಾರ್ಮಿನಲ್ಲಿ, ಗುಂತಕಲ್ಲಿಗೆ ಹೊರಟ ಪ್ರಯಾಣಿಕನೊಬ್ಬನಿಗೆ ಮೊಬೈಲು ಹಿಂದಿರುಗಿಸಿ ಕೈಮುಗಿಯುತ್ತಿದ್ದ ಅನಂತ ಅವರ ಭುಜದ ಮೇಲೆ ಲಾಲಪ್ಪ ಕೈಯಿಟ್ಟ.

ಅವರು ಓಡಲಿಲ್ಲ, ಬೆವರಲೂ ಇಲ್ಲ. ಠಾಣೆಯಲ್ಲಿ ಕೂರಿಸಿದಾಗ ಮಾಸ್ಕ್ ತೆಗೆದು ಮಡಚಿ ಜೇಬಿಗಿಟ್ಟರು. ನಾಗಜ್ಯೋತಿಯ ಗುರುತು ಹಿಡಿದು, "ನಿಮಗ ಸಕ್ಕರಿ ಇಲ್ಲಮ್ಮ, ರಿಪೋರ್ಟ್ ಬಂದದ," ಎಂದರು.

"ಎಷ್ಟು ಮಂದಿಗೆ ಹಿಂಗ ಫೋನ್ ಮಾಡೀರಿ?"

"ಇವತ್ತಿಂದು ಬಿಟ್ಟು ಏಳು."

"ಯಾಕ?"

"ಏಳು ಮಂದಿ ಉಳದಾರ."

"ಹೇಮಾವತಿ ಸತ್ತಾಳ."

"ಪಾಪ ಅನಸ್ತದ. ಆದ್ರ ರುದ್ರೇಶ ಉಳದ." ಅವರ ದನಿಯಲ್ಲಿ ಗರ್ವವಿರಲಿಲ್ಲ. ಲೆಕ್ಕ ಸರಿಯಾಗಿದೆ ಎಂಬ ನಂಬಿಕೆ ಮಾತ್ರ ಇತ್ತು. "ನನ್ನ ಮಗಳು ಸುಷಮಾ. ಅಳಿಯನ್ನ ನಾನ ಕೇಳಿದ್ದೆ, ಲಗ್ನಕ್ಕ ಮೊದಲ ರಕ್ತಪರೀಕ್ಷೆ ಮಾಡಸಪಾ ಅಂತ. ಸ್ವಚ್ಛ ರಿಪೋರ್ಟ್ ತಂದು ಕೈಯಾಗ ಕೊಟ್ಟ. ಎಲ್ಲಿ ಮಾಡಿಸಿದ್ನೋ. ಆಕಿಗೆ ಕೆಮ್ಮು ಹತ್ತಿತು, ಟಿಬಿ ಅಂದ್ರು. ನಿಜ ಗೊತ್ತಾಗೋದ್ರಾಗ ಹೋಗಿಬಿಟ್ಳು. ಕೈಗೆ ಕೊಡೋ ಕಾಗದದ ಬೆಲೆ ನಂಗ ಗೊತ್ತದಮ್ಮ. ದಿನಾ ನಾನ ಪ್ರಿಂಟ್ ತಗೀತೀನಿ."

ನಾಗಜ್ಯೋತಿ ಹೇಮಾವತಿಯ ಮೂರು ಮರುಪರೀಕ್ಷೆಗಳ ಪ್ರತಿಯನ್ನು ಅವರ ಮುಂದಿಟ್ಟಳು. ಅವರು ಕನ್ನಡಕ ಏರಿಸಿ ಓದಿದರು. ಕಿಟ್ಟಿನ ಹೆಸರು, ತಾರೀಖು, ಡಾಕ್ಟರ ಸಹಿ, ಒಂದೊಂದನ್ನೂ ಬೆರಳಿಟ್ಟು ಓದಿದರು.

"ಮೊದಲನೇ ರೀಡಿಂಗ್ ತಪ್ಪು ಬರ್ತದೇನು?"

"ಬರ್ತೈತಿ. ನಿಮ್ಮ ಡಾಕ್ಟರನ್ನ ಒಂದು ಮಾತು ಕೇಳಿದ್ರ ಹೇಳ್ತಿದ್ರು."

ಅವರು ಉಳಿದ ಆರು ಹೆಸರುಗಳನ್ನು ಹೇಳಿದರು. ಯಾರೂ ಒತ್ತಾಯ ಮಾಡಲಿಲ್ಲ. ನಾಗಜ್ಯೋತಿ ಪಕ್ಕದ ಕೋಣೆಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿ, ಒಂದೊಂದಾಗಿ ಓದಿ, ಉತ್ತರಕ್ಕಾಗಿ ಕಾದಳು. ಹಿಂದಿರುಗಿ ಬಂದಾಗ ಅವರು ತಲೆಯೆತ್ತಿದರು.

"ಆರರಾಗ ನಾಲ್ಕು ಮಂದಿಗೆ ಏನೂ ಇರಲಿಲ್ಲ," ಎಂದಳು.

ಅನಂತ ಕನ್ನಡಕ ತೆಗೆದು ಜೇಬಿಗಿಟ್ಟರು. ಬಂಧನದ ಪತ್ರಕ್ಕೆ ಓದದೇ ಸಹಿ ಮಾಡಿದರು.

ಕೇಸು ಕೋರ್ಟಿನಲ್ಲಿ ಎಷ್ಟರಮಟ್ಟಿಗೆ ನಿಲ್ಲುತ್ತದೆಂದು ನಾಗಜ್ಯೋತಿಗೆ ಗೊತ್ತಿತ್ತು. ಕದ್ದು ನೋಡಿದ್ದು ಐಟಿ ಕಾಯ್ದೆಯಲ್ಲಿ ನಿಲ್ಲಬಹುದು. ಹೇಮಾವತಿಯ ಹೆಸರನ್ನು ಅವರು ಕೇಳಿದ್ದಕ್ಕೆ ಮಾತ್ರ ಸರ್ವರಿನಲ್ಲಿ ಒಂದು ಸಾಲೂ ಉಳಿದಿರಲಿಲ್ಲ. ಅವರು ಪೊಲೀಸರಿಗೆ ಹೇಳಿದ್ದು ಸಾಕ್ಷ್ಯವಾಗುವುದಿಲ್ಲ. ರುದ್ರೇಶ ಆ ದನಿಯನ್ನು ಗುರುತಿಸಬೇಕು. ಈ ಸಲವಾದರೂ ಅವನು ಬಾಯಿ ಬಿಡಬೇಕು.

ಸಂಜೆ ಅನಂತ ಅವರ ಹೆಂಡತಿ ತುಳಸಿಬಾಯಿ ಬಂದರು. ಕೈಚೀಲದಲ್ಲಿ ಒಂದು ಜೊತೆ ಬಟ್ಟೆ, ಬಿಪಿ ಗುಳಿಗೆ. ಗಂಡ ಏನು ಮಾಡಿದ್ದಾರೆಂದು ನಾಗಜ್ಯೋತಿ ಹೇಳಿದಳು. ಆಕೆ ಆಶ್ಚರ್ಯಪಡಲಿಲ್ಲ.

"ನಿಮಗ ಗೊತ್ತಿತ್ತೇನು?"

"ಫೋನ್ ಮಾಡೋದು ಗೊತ್ತಿರಲಿಲ್ಲ. ಯಾಕ ಮಾಡ್ಯಾರ ಅನ್ನೋದು ಗೊತ್ತದ." ತುಳಸಿಬಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಸುಷಮಾನ ಲಗ್ನಕ್ಕ ನಾಲ್ಕು ದಿನ ಇದ್ದಾಗ ನಮ್ಮ ಮನಿಗೂ ಒಂದು ಫೋನ್ ಬಂದಿತ್ತು. ಯಾವಾಕಿನೋ ಹೆಣ್ಣುಮಗಳು. ಆ ಹುಡುಗಗ ಕೊಡಬ್ಯಾಡ್ರಿ, ಅವಗ ಮೈಯಾಗ ಆರಾಮಿಲ್ಲ ಅಂದ್ಳು. ಲಗ್ನದ ಮನಿಗೆ ಇಂಥಾ ಫೋನ್ ಹತ್ತು ಬರ್ತಾವ, ಹೊಟ್ಟಿಕಿಚ್ಚಿನ ಮಂದಿ ಅಂತ ಅಂದುಕೊಂಡೆ. ಯಾರಿಗೂ ಹೇಳಲಿಲ್ಲ. ಮಗಳು ಹೋದ ಮ್ಯಾಲ ಅವರಿಗೆ ಹೇಳಿದೆ."

"ಏನಂದ್ರು?"

"ಏನೂ ಅನ್ನಲಿಲ್ಲ. ಅವತ್ತಿಂದ ನನ್ನ ಕೂಡ ಮಾತಿಲ್ಲ. ತಾವ ಅಡಗಿ ಮಾಡಿಕೊಂಡು ಉಣ್ತಾರ."

ಬರಹದ ಕಾನ್‌ಸ್ಟೇಬಲ್ ಹೇಳಿಕೆ ಬರೆಯುವುದನ್ನು ನಿಲ್ಲಿಸಿ ನಾಗಜ್ಯೋತಿಯ ಕಡೆ ನೋಡಿದ. ಬರೆ ಎಂದು ಅವಳು ಸನ್ನೆ ಮಾಡಿದಳು.

ತುಳಸಿಬಾಯಿ ಗುಳಿಗೆಯ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಅವಳ ಕಡೆಗೆ ಸರಿಸಿದರು. "ರಾತ್ರಿ ಊಟ ಆದ ಮ್ಯಾಲ ಒಂದು. ನೀವ ಕೊಡ್ರಿ. ನನ್ನ ಕೈಯಿಂದ ತಗೊಳ್ಳಂಗಿಲ್ಲ."